ಇಂಗಾಲದ ಮೂರನೆಯ ರೂಪ: ತಡವಾದ ಒಂದು ತಿದ್ದುಪಡಿ



'ಇಂಗಾಲಕ್ಕೆ ಸ್ಫಟಿಕ ರೂಪಗಳು ಎರಡೇ. ವಜ್ರ ಮತ್ತು ಗ್ರಾಫೈಟ್' ಎಂದು ನಿಮ್ಮಲ್ಲಿ ಅನೇಕರಿಗೆ ನಾನು ಬಾಯಿಪಾಠ ಮಾಡಿಸಿದ್ದುಂಟು. ಅದು ತಪ್ಪೆಂದು ನನಗೆ ತಿಳಿದದ್ದು 1996ರಲ್ಲಿ, ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಪ್ರಕಟವಾದಾಗ. ಅದಕ್ಕೆ ಮೊದಲು ಕಲಿತು ಹೋದವರಿಗೆ ಈ ತಿದ್ದುಪಡಿಯನ್ನು ನಾನು ಸಲ್ಲಿಸಬೇಕಾಗಿದೆ.

1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಕ್ರೋಟೋ ಅವರು ಅಮೆರಿಕದ ಹ್ಯೂಸ್ಟನ್ನಿನಲ್ಲಿರುವ ರೈಸ್ ವಿಶ್ವವಿದ್ಯಾಲಯಕ್ಕೆ ಬಂದರು. ನಕ್ಷತ್ರಗಳ ಸುತ್ತ ಇಂಗಾಲದ ಉದ್ದನೆಯ ಸರಪಳಿಗಳು ಹೇಗೆ ಹುಟ್ಟುತ್ತವೆ ಎಂಬುದು ಅವರ ಕುತೂಹಲ. ಅಲ್ಲಿನ ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ ಹಾಗೂ ಜೇಮ್ಸ್ ಹೀತ್, ಶಾನ್ ಓಬ್ರಿಯನ್ ಮೊದಲಾದ ಸಂಶೋಧನ ವಿದ್ಯಾರ್ಥಿಗಳ ಜೊತೆಗೂಡಿ, ಗ್ರಾಫೈಟನ್ನು ಲೇಸರಿನಿಂದ ಆವಿಯಾಗಿಸಿ ಹೀಲಿಯಂ ಅನಿಲದಲ್ಲಿ ತಣಿಸಿದರು. ಹಾಗೆ ಉಂಟಾದ ಗುಚ್ಛಗಳಲ್ಲಿ 60 ಪರಮಾಣುಗಳದ್ದೇ ಮೇಲುಗೈಯಾಗಿತ್ತು.

ಏಕೆ 60? ಸ್ಮಾಲಿ ಒಂದು ರಾತ್ರಿ ಮನೆಯಲ್ಲಿ ಕಾಗದ, ಕತ್ತರಿ, ಅಂಟುಪಟ್ಟಿ ಹಿಡಿದು ಕುಳಿತರು. ಬರಿಯ ಷಡ್ಭುಜಗಳನ್ನು ಜೋಡಿಸಿದರೆ ಗೋಳವಾಗಲೊಲ್ಲದು. ನಡುನಡುವೆ ಪಂಚಭುಜಗಳನ್ನು ಸೇರಿಸಿದೊಡನೆ ಹಾಳೆ ಬಾಗಿ ಮುಚ್ಚಿಕೊಂಡಿತು. 12 ಪಂಚಭುಜ, 20 ಷಡ್ಭುಜ, 60 ಶೃಂಗ: ನಮ್ಮ ಆಟದ ಮೈದಾನದ ಫುಟ್‌ಬಾಲಿನ ಆಕಾರ! ಗುಮ್ಮಟಗಳ ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರರ ಹೆಸರನ್ನೇ ಅದಕ್ಕಿಟ್ಟರು.

ಗಣಿತದ ಆಯ್ಲರನ ಸೂತ್ರ ನೆನಪಿದೆಯೆ? ಶೃಂಗ 60, ಅಂಚು 90, ಮುಖ 32; 60 − 90 + 32 = 2. ಪ್ರತಿ ಶೃಂಗದಲ್ಲಿ ಮೂರು ಅಂಚುಗಳು ಕೂಡುವಂತೆ ಪಂಚಭುಜ, ಷಡ್ಭುಜಗಳಿಂದಲೇ ಇಂಥ ಗೂಡು ಕಟ್ಟುವುದಾದರೆ ಪಂಚಭುಜಗಳು ಸರಿಯಾಗಿ 12 ಇರಬೇಕು. 70 ಪರಮಾಣುಗಳ ಗೂಡಿನಲ್ಲಿ ಷಡ್ಭುಜಗಳು 25 ಆಗುತ್ತವೆ, ಪಂಚಭುಜಗಳು ಮಾತ್ರ 12. ಜಪಾನಿನ ಸುಮಿಯೊ ಈಜಿಮಾ 1991ರಲ್ಲಿ ವರ್ಣಿಸಿದ ಇಂಗಾಲದ ನ್ಯಾನೊ ಕೊಳವೆಗಳಿಗೂ ಇದೇ ಲೆಕ್ಕ: ಒಂದೊಂದು ತುದಿಯನ್ನು ಮುಚ್ಚಲು ಆರಾರು ಪಂಚಭುಜಗಳು.

ಒಂದು ಸಂಗತಿ ಮಾತ್ರ ಮನಸ್ಸನ್ನು ಚುಚ್ಚುತ್ತದೆ. ಜಪಾನಿನವರೇ ಆದ ಎಯ್ಜಿ ಓಸಾವಾ 1970ರಲ್ಲಿಯೇ ಈ ಅಣುವನ್ನು ಊಹಿಸಿ ಬರೆದಿದ್ದರು. ಬರೆದದ್ದು ಜಪಾನಿ ಭಾಷೆಯಲ್ಲಿ. ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. ನೊಬೆಲ್ ಸಂದದ್ದು ಕ್ರೋಟೋ, ಕರ್ಲ್, ಸ್ಮಾಲಿ ಅವರಿಗೆ. ಕನ್ನಡದಲ್ಲಿ ವಿಜ್ಞಾನ ಕಲಿಸಿದವನಿಗೆ ಈ ನೋವು ಅರ್ಥವಾಗುತ್ತದೆ.

2010ರಲ್ಲಿ ಸ್ಪಿಟ್ಜರ್ ದೂರದರ್ಶಕವು ಅಳಿಯುತ್ತಿರುವ ನಕ್ಷತ್ರವೊಂದರ ಸುತ್ತಲಿನ ಅನಿಲದಲ್ಲಿ ಇದೇ ಅಣುವನ್ನು ಗುರುತಿಸಿತು. ಕ್ರೋಟೋ ಅವರ ಪ್ರಶ್ನೆ ಹೊರಟಲ್ಲಿಗೇ ಮರಳಿದಂತಾಯಿತು.

ನಿಮ್ಮ ಹಳೆಯ ಟಿಪ್ಪಣಿ ಪುಸ್ತಕ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ, ತೆಗೆದು 'ಎರಡೇ' ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿರಿ. ಕೆಂಪು ಶಾಯಿಯಲ್ಲಿ, ತಪ್ಪು ನಿಮ್ಮದಲ್ಲ, ನಿಮ್ಮ ಮೇಷ್ಟ್ರದು.