ಪೀಟರ್ ಮೊಲದ ಲೆಕ್ಕಪತ್ರ: ಇಂಗ್ಲೆಂಡಿನ ಚಿತ್ರಪುಸ್ತಕಕಾರರ ದುಡಿಮೆ ಮತ್ತು ಹಕ್ಕು, 1865–1927

ಮಕ್ಕಳ ಚಿತ್ರಪುಸ್ತಕದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಚಿತ್ರದಿಂದ ಹೊರಡುತ್ತಾರೆ. ಗೆರೆಯ ಸೊಗಸು, ಬಣ್ಣದ ಹದ, ಮೊಲದ ಕಿವಿಯ ಜೀವಂತಿಕೆ ಇವೆಲ್ಲ ಚರ್ಚೆಗೆ ಬರುತ್ತವೆ. ಅಚ್ಚುಕೂಟದ ಲೆಕ್ಕ ಮಾತ್ರ ಅಡಿಟಿಪ್ಪಣಿಗೆ ಜಾರುತ್ತದೆ. ಬ್ಲಾಕು ಮಾಡಿಸಲು ಹಣ ಹಾಕಿದವರು ಯಾರು, ಮಾರಾಟದಲ್ಲಿ ಚಿತ್ರಕಾರರಿಗೆ ಪಾಲಿತ್ತೇ, ಮೂಲಚಿತ್ರ ಕೊನೆಗೆ ಯಾರ ಕೈಯಲ್ಲಿ ಉಳಿಯಿತು? ವಿಕ್ಟೋರಿಯಾ ಕಾಲದ ಕೊನೆಯ ಇಂಗ್ಲೆಂಡಿನಲ್ಲಿ ಈ ಕಸುಬಿನಿಂದ ಬದುಕಿದವರ ಹಣೆಬರಹವನ್ನು ಪ್ರತಿಭೆಯಷ್ಟೇ ಈ ಪ್ರಶ್ನೆಗಳೂ ತೀರ್ಮಾನಿಸಿದವು ಎಂಬುದು ನನ್ನ ವಾದ. ಬೀಟ್ರಿಕ್ಸ್ ಪಾಟರ್ (1866–1943) ಅವರ ವೃತ್ತಿಜೀವನ ಇದಕ್ಕೆ ಮುಖ್ಯ ಸಾಕ್ಷ್ಯ. ಆದರೆ ಅವರಿಗಿಂತ ಹಿಂದಿನ ಪೀಳಿಗೆ ಯಾವ ಕರಾರಿನ ಮೇಲೆ ದುಡಿಯಿತು ಎಂಬುದನ್ನು ಮೊದಲು ನೋಡಬೇಕು.

ಆ ಪೀಳಿಗೆಯ ಕೇಂದ್ರದಲ್ಲಿದ್ದವರು ಚಿತ್ರಕಾರರಲ್ಲ, ಎಡ್ಮಂಡ್ ಇವಾನ್ಸ್ ಎಂಬ ಮುದ್ರಕರು. ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಪಕ್ಕದ ರಾಕೆಟ್ ಕೋರ್ಟಿನಲ್ಲಿ ಅವರ ಅಚ್ಚುಕೂಟವಿತ್ತು. ಅಗ್ಗದ ಮಕ್ಕಳ ಪುಸ್ತಕಗಳ ಬಣ್ಣ ಕಣ್ಣಿಗೆ ರಾಚುವಂತಿರಬೇಕಿಲ್ಲ, ಸಾಕಷ್ಟು ಪ್ರತಿ ಅಚ್ಚು ಹಾಕಿದರೆ ಒಳ್ಳೆಯ ಕೆಲಸವೂ ಗಿಟ್ಟುತ್ತದೆ ಎಂದು ನಂಬಿದವರು ಅವರು. 1865ರಿಂದ ಇವಾನ್ಸರೊಡನೆ ಕೆಲಸ ಮಾಡಿದ ವಾಲ್ಟರ್ ಕ್ರೇನ್ ಆರು ಪೆನ್ನಿಯ ‘ಟಾಯ್ ಬುಕ್’ಗಳಿಂದ ಮನೆಮಾತಾದರು. ಆದರೆ ಆ ಚಿತ್ರಗಳನ್ನು ಅವರು ಒಂದೇ ಮೊತ್ತಕ್ಕೆ ಮಾರಿಬಿಡುತ್ತಿದ್ದರು. ಪುಸ್ತಕ ಎಷ್ಟು ಸಲ ಮರುಮುದ್ರಣವಾದರೂ ಅವರ ಪಾಲು ಬೆಳೆಯುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ರ‍್ಯಾಂಡಾಲ್ಫ್ ಕಾಲ್ಡೆಕಾಟ್ ಲೆಕ್ಕ ಬಲ್ಲವರು. ಒಂದೇ ಮೊತ್ತದ ಬದಲು ಮಾರಾಟದ ಮೇಲೆ ಪಾಲು ಕೇಳಿದರು; ಪುಸ್ತಕ ಮಾರಾಟವಾಗದಿದ್ದರೆ ತಮಗೇನೂ ಸಿಗದು ಎಂಬುದಕ್ಕೆ ಒಪ್ಪಿದರು. ಕೆತ್ತನೆಯ ಖರ್ಚು, ಕಾಗದ, 10,000 ಪ್ರತಿಗಳ ಮುದ್ರಣ ಇವೆಲ್ಲ ಇವಾನ್ಸರ ತಲೆಯ ಮೇಲೆ. ಕೆಲಸದ ಕ್ರಮವನ್ನು ಇವಾನ್ಸ್ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಕಾಲ್ಡೆಕಾಟ್ ಮೊದಲು ಗೆರೆಚಿತ್ರ ಬರೆಯಬೇಕು. ಅದನ್ನು ಮರದಲ್ಲಿ ಕೆತ್ತಿ ತೆಗೆದ ಕರಡಚ್ಚಿಗೆ ಅವರೇ ಬಣ್ಣ ತುಂಬಬೇಕು. ಆ ಬಣ್ಣದ ಪ್ರತಿಯನ್ನು ಮುಂದಿಟ್ಟುಕೊಂಡು ಕೆತ್ತನೆಗಾರರು ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕು ಕೆತ್ತುತ್ತಿದ್ದರು: ಗೆರೆಗೆ ಕಡುಕಂದು, ಮುಖ ಮತ್ತು ಕೈಗಳಿಗೆ ಮೈಬಣ್ಣ, ಆಮೇಲೆ ಕೆಂಪು, ನೀಲಿ, ಹಳದಿ, ಬೂದು. ಒಂದೇ ಹಾಳೆ ಆರು ಸಲ ಯಂತ್ರಕ್ಕೆ ಹೋಗಿ ಬರಬೇಕು. ಒಂದು ಸಲ ಕೂದಲೆಳೆಯಷ್ಟು ಸರಿದರೂ ಮೂಗಿನ ಬಣ್ಣ ಕೆನ್ನೆಗೆ ಬೀಳುತ್ತದೆ. ಕಾಲ್ಡೆಕಾಟರ ಚಿತ್ರಗಳಲ್ಲಿ ಬಯಲು ಜಾಗ ಅಷ್ಟೊಂದಿರುವುದಕ್ಕೆ ಅವರ ರುಚಿ ಹೇಗೆ ಕಾರಣವೋ ಬ್ಲಾಕುಗಳ ಮಿತವ್ಯಯವೂ ಹಾಗೆಯೇ ಕಾರಣವೆಂದು ನನಗೆ ತೋರುತ್ತದೆ. 1878ರಿಂದ 1885ರವರೆಗೆ ವರ್ಷಕ್ಕೆ ಎರಡರಂತೆ ಹದಿನಾರು ಪುಸ್ತಕಗಳು ಬಂದವು. ಮರುವರ್ಷ ಫ್ಲೋರಿಡಾದಲ್ಲಿ, 39ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕೇಟ್ ಗ್ರೀನ್‌ವೇ ಅವರ ‘ಅಂಡರ್ ದಿ ವಿಂಡೋ’ (1879) ಪುಸ್ತಕವನ್ನು ಇವಾನ್ಸ್ ಒಮ್ಮೆಗೇ 20,000 ಪ್ರತಿ ಅಚ್ಚು ಹಾಕಿದಾಗ ಪ್ರಕಾಶಕರು ನಕ್ಕರಂತೆ. ಅದು ಬೇಗನೆ ಖರ್ಚಾಗಿ ಮತ್ತೆ ಅಚ್ಚು ಹಾಕಬೇಕಾಯಿತು. ಗ್ರೀನ್‌ವೇ ಅವರಿಗೆ ಲಾಭದಲ್ಲಿ ಪಾಲು ಬಂತು, ನಿಜ. ಆದರೆ ಅವರು ಬರೆದ ಟೋಪಿ, ನಿಲುವಂಗಿ ತೊಟ್ಟ ಮಕ್ಕಳು ಪಿಂಗಾಣಿ ತಟ್ಟೆ, ಗೋಡೆಯ ಹೆಂಚುಗಳ ಮೇಲೆ ಕೇಳದೆಯೇ ಕುಳಿತರು. ಪುಸ್ತಕದ ಆಚೆ ಚಿತ್ರಕ್ಕೆ ಮಾಲೀಕರೇ ಇರಲಿಲ್ಲ. ಪಾಟರ್ ಈ ಕಸುಬಿಗೆ ಬಂದಾಗ ಎದುರಿದ್ದ ಪಾಠ ಇದು.

ಪಾಟರ್ ಮನೆತನಕ್ಕೆ ಹಣದ ಕೊರತೆ ಇರಲಿಲ್ಲ. ತಂದೆ ರೂಪರ್ಟ್ ಕಾಲ್ಡೆಕಾಟರ ಮೂಲಚಿತ್ರಗಳನ್ನು ಕೊಂಡು ಕೂಡಿಸಿದ್ದರು. ಮಗಳು ಅವನ್ನು ನೋಡಿ ನೋಡಿ ಕೈ ಪಳಗಿಸಿಕೊಂಡರು. ಶಿಲೀಂಧ್ರಗಳ ಸೂಕ್ಷ್ಮ ಚಿತ್ರಗಳನ್ನೂ ಬರೆದರು. 1897ರಲ್ಲಿ ಅವರ ಪ್ರಬಂಧ ಲಿನಿಯನ್ ಸೊಸೈಟಿಯ ಮುಂದೆ ಬಂದಾಗ, ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲದ್ದರಿಂದ ಬೇರೆಯವರೇ ಅದನ್ನು ಮಂಡಿಸಬೇಕಾಯಿತು. ಅದಕ್ಕೂ ಮೊದಲೇ, 1890ರಲ್ಲಿ, ಹಿಲ್ಡೆಶೈಮರ್ ಅಂಡ್ ಫಾಕ್ನರ್ ಕಂಪನಿ ಶುಭಾಶಯ ಕಾರ್ಡುಗಳಿಗೆಂದು ಅವರ ಮೊಲದ ಚಿತ್ರಗಳನ್ನು 6 ಪೌಂಡಿಗೆ ಕೊಂಡಿತ್ತು. ಮುಂದೆ ನಿಸ್ಟರ್ ಎಂಬ ಪ್ರಕಾಶಕರಿಗೆ ಕಪ್ಪೆಯ ಚಿತ್ರಗಳನ್ನು ಮಾರಿದರು. ‘ಜೆರೆಮಿ ಫಿಶರ್’ ಪುಸ್ತಕ (1906) ಮಾಡುವ ಮೊದಲು ಅದೇ ಚಿತ್ರಗಳನ್ನೂ ಬ್ಲಾಕುಗಳನ್ನೂ ತಾವೇ ದುಡ್ಡು ಕೊಟ್ಟು ವಾಪಸು ಪಡೆದರು. ತಮ್ಮದೇ ಕಪ್ಪೆಯನ್ನು ತಾವೇ ಬಿಡಿಸಿಕೊಂಡ ಈ ವ್ಯವಹಾರಕ್ಕೆ ಜೀವನಚರಿತ್ರೆಗಳು ಒಂದು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಒಂದೇ ಮೊತ್ತಕ್ಕೆ ಮಾರುವುದೆಂದರೆ ಏನು ಎಂಬುದು ಅವರಿಗೆ ಅರಿವಾದದ್ದು ಇಲ್ಲಿಯೇ ಎಂದು ನಾನು ಓದುತ್ತೇನೆ.

ಪೀಟರ್ ಮೊಲ ಹುಟ್ಟಿದ್ದು 1893ರ ಸೆಪ್ಟೆಂಬರ್ 4ರಂದು, ಸ್ಕಾಟ್ಲೆಂಡಿನಿಂದ ಬರೆದ ಒಂದು ಪತ್ರದಲ್ಲಿ. ತಮಗೆ ಹಿಂದೆ ಮನೆಪಾಠ ಹೇಳಿದ್ದ ಆನಿ ಮೂರ್ ಅವರ ಮಗ ನೋಯೆಲ್ ಕಾಯಿಲೆ ಬಿದ್ದಿದ್ದ. ಅವನಿಗಾಗಿ ಪಾಟರ್ ಚಿತ್ರ ಬರೆದು ಕಥೆ ಹೇಳಿದ್ದರು. ಏಳು ವರ್ಷಗಳ ಮೇಲೆ ಅದನ್ನು ಪುಸ್ತಕ ಮಾಡಬೇಕೆನಿಸಿದಾಗ ಹುಡುಗನಿಂದ ಆ ಪತ್ರವನ್ನು ಎರವಲು ತರಿಸಿಕೊಂಡರು. ಅವನು ಜೋಪಾನವಾಗಿ ಇಟ್ಟಿದ್ದರಿಂದ ಆಯಿತು. ಹಲವು ಪ್ರಕಾಶಕರು ಒಲ್ಲೆ ಎಂದರು. ದೊಡ್ಡ ಆಕಾರದ, ಹೆಚ್ಚು ಬೆಲೆಯ ಪುಸ್ತಕ ಬೇಕೆಂದವರೂ ಇದ್ದರು. ಪುಟ್ಟ ಕೈಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕು, ಬೆಲೆ ಒಂದು ಷಿಲಿಂಗಿನ ಆಸುಪಾಸಿನಲ್ಲಿರಬೇಕು ಎಂಬ ಹಟ ಪಾಟರ್ ಅವರದು. ಕೊನೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಮತ್ತೆ 200 ಬೇಕಾಯಿತು.

ಪುಸ್ತಕವನ್ನು ಆಮೇಲೆ ಎತ್ತಿಕೊಂಡ ಫ್ರೆಡ್ರಿಕ್ ವಾರ್ನ್ ಸಂಸ್ಥೆ, ಚಿತ್ರಗಳೆಲ್ಲ ಬಣ್ಣದಲ್ಲಿರಬೇಕೆಂಬ ಷರತ್ತು ಹಾಕಿತು. ಬಹುಪಾಲು ಚಿತ್ರಗಳಲ್ಲಿರುವುದು ಮೊಲದ ಕಂದು ಮತ್ತು ಹುಲ್ಲಿನ ಹಸಿರು ಎರಡೇ ಎಂದು ಪಾಟರ್ ಮೊದಲು ಕೊಸರಾಡಿ, ಆಮೇಲೆ ಒಪ್ಪಿದರು. ಅಷ್ಟರಲ್ಲಿ ತಂತ್ರ ಬದಲಾಗಿತ್ತು. ಮರದ ಬ್ಲಾಕಿನ ಜಾಗಕ್ಕೆ ಕಾರ್ಲ್ ಹೆನ್‌ಶೆಲ್ ಅವರ ತ್ರಿವರ್ಣ ಹಾಫ್‌ಟೋನ್ ಬ್ಲಾಕು ಬಂದಿತ್ತು. ಜಲವರ್ಣದ ಚಿತ್ರವನ್ನು ಬಣ್ಣದ ಶೋಧಕಗಳ ಮೂಲಕ ಛಾಯಾಚಿತ್ರ ತೆಗೆದು, ಹಳದಿ, ಕೆಂಪು, ನೀಲಿ ಎಂಬ ಮೂರೇ ಬ್ಲಾಕುಗಳಿಂದ ನುಣುಪು ಕಾಗದದ ಮೇಲೆ ಅಚ್ಚು ಹಾಕುವ ಕ್ರಮ ಅದು. ಅಚ್ಚುಕೂಟ ಮಾತ್ರ ಹಳೆಯದೇ, ಇವಾನ್ಸರ ಮಕ್ಕಳು ನಡೆಸುತ್ತಿದ್ದದ್ದು. ಕೆತ್ತನೆಗಾರರ ಉಳಿ ನಡುವೆ ಇಲ್ಲದ್ದರಿಂದ ಕುಂಚದ ತೇವವೂ ಪುಟದ ಮೇಲೆ ಕಾಣತೊಡಗಿತು. ಆದರೆ ಹೊಸ ತಂತ್ರದಲ್ಲೂ ಹಾಳೆಯ ಲೆಕ್ಕ ತಪ್ಪಲಿಲ್ಲ. ಮೊದಲ 42 ಚಿತ್ರಗಳಲ್ಲಿ ಯಾವುದನ್ನು ಬಿಡಬಹುದೆಂದು ಪಾಟರ್ ಅವರೇ ಗುರುತು ಹಾಕಿಕೊಟ್ಟರು. 1903ರಲ್ಲಿ ಹೊದಿಕೆಯ ಒಳಹಾಳೆಗಳಿಗೆ ಬಣ್ಣ ಬಂದಾಗ ಇನ್ನೂ ನಾಲ್ಕು ಹೋದವು. ಪೀಟರನ ಅಪ್ಪನನ್ನು ಕಡುಬು ಮಾಡಿ ಬಡಿಸುವ ಮಿಸೆಸ್ ಮೆಕ್‌ಗ್ರೆಗರ್ ಹೀಗೆ ಮಾಯವಾದವರಲ್ಲೊಬ್ಬರು. ಆಕೆಯ ಮುಖ ಸರಿಬಂದಿಲ್ಲವೆಂದು ಪ್ರಕಾಶಕರು ಅದನ್ನು ಮೊದಲೇ ತಿದ್ದಿ ಬರೆಸಿದ್ದರು. ಮನುಷ್ಯರ ಮುಖ ಪಾಟರ್ ಅವರ ಕೈಗೆ ಕೊನೆಯವರೆಗೂ ಒಗ್ಗಲಿಲ್ಲ. 1902ರ ಅಕ್ಟೋಬರಿನ ಮೊದಲ ಮುದ್ರಣ 8,000 ಪ್ರತಿ. ವರ್ಷ ಮುಗಿಯುವಷ್ಟರಲ್ಲಿ 28,000.

ಕೆಲಸದ ದಿನಚರಿ ಹೇಗಿತ್ತೆಂಬುದಕ್ಕೆ ‘ಟು ಬ್ಯಾಡ್ ಮೈಸ್’ (1904) ಒಳ್ಳೆಯ ನಿದರ್ಶನ. ಪ್ರಕಾಶಕ ಬಂಧುಗಳಲ್ಲಿ ಕಿರಿಯರಾದ ನಾರ್ಮನ್ ವಾರ್ನ್ ಸೋದರನ ಮಗಳಿಗೆಂದು ಗೊಂಬೆಮನೆ ಕಟ್ಟಿದ್ದರು. ಅದು ಸರ್ಬಿಟನ್‌ನಲ್ಲಿತ್ತು. ನೋಡಿ ಬರೆಯಲು ಅಲ್ಲಿಗೆ ಹೋಗುವುದು ಪಾಟರ್ ಅವರ ತಾಯಿಗೆ ಸರಿಬರಲಿಲ್ಲ. ಮೂವತ್ತೇಳು ದಾಟಿದ ಲೇಖಕಿ ಮನೆಯಲ್ಲೇ ಕುಳಿತು, ನಾರ್ಮನ್ ತೆಗೆದು ಕಳಿಸಿದ ಫೋಟೋಗಳನ್ನು ನೋಡಿ ಮೆಟ್ಟಿಲು, ಕಿಟಕಿ ಬರೆದರು. ಇಲಿಗಳು ಒಡೆದುಹಾಕುವ ಗೊಂಬೆ ಅಡುಗೆಯ ತಟ್ಟೆಗಳೂ ನಾರ್ಮನ್ ಅಂಗಡಿಯಿಂದ ತಂದುಕೊಟ್ಟವೇ. 1905ರ ಜುಲೈನಲ್ಲಿ ಇಬ್ಬರಿಗೂ ಮದುವೆ ಗೊತ್ತಾಯಿತು. ವ್ಯಾಪಾರಿ ಮನೆತನವೆಂದು ಪಾಟರ್ ಹೆತ್ತವರು ಮುಖ ಸಿಂಡರಿಸಿದರು. ಆಗಸ್ಟ್ 25ರಂದು ನಾರ್ಮನ್ ತೀರಿಕೊಂಡರು. ಅದೇ ವರ್ಷ ಪಾಟರ್ ಸರೋವರ ಪ್ರಾಂತದ ಹಿಲ್ ಟಾಪ್ ತೋಟವನ್ನು ಕೊಂಡರು. ಅದಕ್ಕೆ ಪುಸ್ತಕದ ಹಣವೂ ಸೇರಿತ್ತು.

ಗ್ರೀನ್‌ವೇ ಕಳೆದುಕೊಂಡದ್ದನ್ನು ಪಾಟರ್ ಬಿಟ್ಟುಕೊಡಲಿಲ್ಲ. ಪೀಟರನ ಗೊಂಬೆಯನ್ನು ಸ್ವತಃ ಹೊಲಿದು 1903ರ ಡಿಸೆಂಬರ್ 28ರಂದು ಅದರ ವಿನ್ಯಾಸವನ್ನು ನೋಂದಾಯಿಸಿದರು. ಹಾಸುಮಣೆಯ ಆಟ, ಗೋಡೆಕಾಗದ ಅದರ ಹಿಂದೆಯೇ ಬಂದವು. ಜರ್ಮನಿಯಿಂದ ಬರುವ ಅಗ್ಗದ ಗೊಂಬೆಗಳ ಎದುರು ಇಂಗ್ಲಿಷ್ ತಯಾರಕರು ನಿಲ್ಲಲಾರರೆಂದು ಕಂಡಾಗ, 1910ರ ಚುನಾವಣೆಯ ಹೊತ್ತಿಗೆ ಮುಕ್ತ ವ್ಯಾಪಾರದ ವಿರುದ್ಧ ಭಿತ್ತಿಪತ್ರಗಳನ್ನೂ ಬರೆದರು. ‘ಮೊಲದ ಅಜ್ಜಿ’ ಎಂದು ಅವರನ್ನು ಮುದ್ದಿಸುವವರಿಗೆ ಈ ಭಿತ್ತಿಪತ್ರಗಳು ಅಷ್ಟಾಗಿ ರುಚಿಸುವುದಿಲ್ಲ.

ಎರಡು ಕಡೆ ಮಾತ್ರ ಅವರ ಹಿಡಿತ ತಪ್ಪಿತು. ವಾರ್ನ್ ಸಂಸ್ಥೆಯ ನ್ಯೂಯಾರ್ಕ್ ಶಾಖೆ ‘ಪೀಟರ್ ರ‍್ಯಾಬಿಟ್’ ಕೃತಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ನೋಂದಾಯಿಸಲಿಲ್ಲ. 1904ರ ಹೊತ್ತಿಗೇ ಅಲ್ಲಿ ಕಳ್ಳಮುದ್ರಣಗಳು ಹೊರಬಂದವು. ಅವುಗಳಿಂದ ಲೇಖಕಿಗೆ ಒಂದು ಪೆನ್ನಿಯೂ ಬರಲಿಲ್ಲ. ಎರಡನೆಯದು 1917ರ ಪ್ರಕರಣ. ನಾರ್ಮನ್‌ರ ಅಣ್ಣ ಹೆರಾಲ್ಡ್ ಸುಮಾರು 20,000 ಪೌಂಡುಗಳ ಖೋಟಾ ಹುಂಡಿಗಳ ಸಂಬಂಧ ಸೆರೆಯಾಗಿ, ಹದಿನೆಂಟು ತಿಂಗಳ ಕಠಿಣ ಶಿಕ್ಷೆಗೆ ಒಳಗಾದರು. ಲೆಕ್ಕ ಸರಿಯಾಗಿ ಕೊಡುತ್ತಿಲ್ಲವೆಂದು ಪಾಟರ್ ವರ್ಷಗಳಿಂದ ಪತ್ರ ಬರೆಯುತ್ತಲೇ ಇದ್ದರು. ಆದರೂ ಸಂಸ್ಥೆ ಮುಳುಗಿದರೆ ತಮ್ಮ ಪುಸ್ತಕಗಳೂ ಮುಳುಗುತ್ತವೆಂಬುದು ಅವರಿಗೆ ಗೊತ್ತಿತ್ತು. ಕಣ್ಣು ಮಂಜಾಗುತ್ತಿದ್ದರೂ ಹಳೆಯ ಚಿತ್ರಗಳನ್ನು ಕಟ್ಟಿನಿಂದ ಹೊರತೆಗೆದು ‘ಆಪ್ಲಿ ಡ್ಯಾಪ್ಲಿ’ ಪುಸ್ತಕವನ್ನು ಅದೇ ವರ್ಷ ಹೊಂದಿಸಿಕೊಟ್ಟರು. ಸಾಲಗಾರ ಸಂಸ್ಥೆಯನ್ನು ಅದರ ಸಾಹುಕಾರ್ತಿಯೇ ನಿಲ್ಲಿಸಿದ್ದಕ್ಕೆ ಪ್ರಕಾಶನದ ಚರಿತ್ರೆಯಲ್ಲಿ ಹೆಚ್ಚು ಉದಾಹರಣೆಗಳಿರಲಾರವು.

1913ರಲ್ಲಿ ವಿಲಿಯಂ ಹೀಲಿಸ್ ಅವರನ್ನು ಮದುವೆಯಾದ ಮೇಲೆ ಅವರ ಮನಸ್ಸು ಕುರಿ ಸಾಕಣೆಯತ್ತ ತಿರುಗಿತ್ತು. ಹರ್ಡ್‌ವಿಕ್ ಕುರಿಗಳ ಪ್ರದರ್ಶನಗಳಲ್ಲಿ ಅವರನ್ನು ಹೀಲಿಸಮ್ಮ ಎಂದೇ ಜನ ಬಲ್ಲರು. 1927ರಲ್ಲಿ ವಿಂಡರ್‌ಮಿಯರ್ ದಡದ ಕಾಕ್‌ಶಾಟ್ ಪಾಯಿಂಟ್ ಎಂಬ ಜಾಗ ಕಟ್ಟಡಗಳ ಪಾಲಾಗುವ ಸೂಚನೆ ಕಂಡಾಗ ನಿಧಿ ಕೂಡಿಸಬೇಕಾಯಿತು. ಪಾಟರ್ ಮತ್ತೆ ಕುಂಚ ಹಿಡಿದರು. ಪೀಟರನ ಹಳೆಯ ಚಿತ್ರಗಳನ್ನು ತಮ್ಮ ಕೈಯಿಂದಲೇ ನಕಲು ಮಾಡಿ, ರುಜು ಹಾಕಿ, ಐವತ್ತು ಹಾಳೆಗಳನ್ನು ಬಾಸ್ಟನ್ನಿನ ‘ಹಾರ್ನ್ ಬುಕ್’ ಪತ್ರಿಕೆಗೆ ಕಳಿಸಿದರು. ಕಳ್ಳಮುದ್ರಣದ ಪೀಟರನನ್ನು ಓದಿ ಬೆಳೆದ ದೇಶದ ಓದುಗರು ಈ ಸಲ ದುಡ್ಡು ಕೊಟ್ಟು ಕೊಂಡರು.