ಸೂರ್ಯಪಾನದ ಬೇರಿಗೆ ಅಂಟಿದ ಶತ್ರು

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಮ್ಮ ಫೋನಿನಲ್ಲಿ ಮೊದಲು ಹೇಳಿದ್ದು ಎಣ್ಣೆ ರೇಟಿನ ಸುದ್ದಿ. ಎಲ್ಲೋ ಕಪ್ಪು ಸಮುದ್ರದ ದಂಡೆಯಲ್ಲಿ ಬಾಂಬು ಬಿದ್ದರೆ ಗದಗಿನ ನಮ್ಮ ಅಡುಗೆಮನೆಯ ಒಗ್ಗರಣೆಗೆ ಯಾಕೆ ಬಿಸಿ ತಟ್ಟಬೇಕು ಅಂತ ಹುಡುಕುತ್ತಾ ಕೂತೆ. ನಾವು ತರಿಸಿಕೊಳ್ಳುವ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಆ ಕಡೆಯಿಂದಲೇ ಬರುತ್ತದಂತೆ. ಹುಡುಕುತ್ತಾ ಹುಡುಕುತ್ತಾ ಸಿಕ್ಕಿದ್ದು ಮಾತ್ರ ಬೇರೆಯದೇ ಒಂದು ಯುದ್ಧ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ.

ಶತ್ರುವಿನ ಹೆಸರು ಒರೊಬಾಂಕಿ ಕ್ಯುಮಾನಾ. ಇಂಗ್ಲಿಷಿನಲ್ಲಿ ಬ್ರೂಮ್‌ರೇಪ್. ರಷ್ಯನ್ನರು ಜರಾಜಿಖಾ ಅನ್ನುತ್ತಾರೆ, 'ಸೋಂಕು' ಅನ್ನುವ ಪದದಿಂದ ಬಂದದ್ದು. ಮಾವಿನ ಮರದ ಮೇಲಿನ ಬಂದಳಿಕೆ ನೋಡಿದ್ದೀರಲ್ಲ? ಇದು ಹಾಗೇ, ಆದರೆ ಕೊಂಬೆಗೆ ಅಂಟುವ ಬದಲು ನೆಲದೊಳಗೆ ಬೇರಿಗೆ ಅಂಟುತ್ತದೆ. ಬಂದಳಿಕೆಗಾದರೂ ಹಸಿರು ಎಲೆಗಳಿವೆ, ಅಷ್ಟಿಷ್ಟು ತಾನೂ ದುಡಿಯುತ್ತದೆ. ಇದಕ್ಕೆ ಹಸಿರೇ ಇಲ್ಲ, ಪೂರ್ತಿ ಪುಕ್ಕಟೆ ಊಟ! ಬೀಜ ಮಿಲಿಮೀಟರಿನ ಕಾಲು ಭಾಗದಷ್ಟು, ಬರೀ ಧೂಳು. ಒಂದು ಗಿಡದಿಂದ ಹತ್ತಾರು ಸಾವಿರ ಬೀಜ. ಮಣ್ಣಿನಲ್ಲಿ ಇಪ್ಪತ್ತು ವರ್ಷದವರೆಗೂ ಸಾಯದೆ ಬಿದ್ದಿರಬಲ್ಲವು. ಸುಮ್ಮನೆ ನೀರು ಬಿದ್ದರೆ ಮೊಳೆಯುವುದಿಲ್ಲ. ಪಕ್ಕದಲ್ಲಿ ಸೂರ್ಯಕಾಂತಿಯ ಬೇರು ಬಂದು, ಅದರಿಂದ ಒಸರುವ ರಾಸಾಯನಿಕ ತಾಗಿದರೆ ಮಾತ್ರ ಏಳುತ್ತವೆ. ನಮ್ಮ ಸರ್ವರ್‌ಗಳಲ್ಲಿ ಪೋರ್ಟ್ ತೆರೆದು ಕಾಯುತ್ತಾ ಕೂರುವ ಪ್ರೋಗ್ರಾಮುಗಳ ಹಾಗೆ :-)

ಇಲ್ಲಿ ತಮಾಷೆ ಏನೆಂದರೆ, ಸೂರ್ಯಕಾಂತಿ ರಷ್ಯಾದ್ದಲ್ಲ, ಅಮೆರಿಕದ ಗಿಡ. ಅದು ರಷ್ಯಾಕ್ಕೆ ಬಂದದ್ದು 18ನೇ ಶತಮಾನದಲ್ಲಿ. ಚರ್ಚಿನವರು ಉಪವಾಸದ ದಿನಗಳಲ್ಲಿ ಬೇಡವೆಂದ ಕೊಬ್ಬಿನ ಪಟ್ಟಿಯಲ್ಲಿ ಈ ಹೊಸ ಗಿಡದ ಹೆಸರಿರಲಿಲ್ಲ, ಹಾಗಾಗಿ ಎಣ್ಣೆ ಜನಪ್ರಿಯವಾಯಿತು ಅನ್ನುತ್ತಾರೆ. 1829ರಲ್ಲಿ ಅಲೆಕ್ಸೆಯೆವ್ಕಾ ಎಂಬ ಊರಿನ ದನೀಲ್ ಬೊಕರ್ಯೋವ್ ಎಂಬ ರೈತ ಕೈಗಾಣದಲ್ಲಿ ಎಣ್ಣೆ ತೆಗೆದ. ಆಮೇಲೆ ಹೊಲದ ಮೇಲೆ ಹೊಲ. ಆ ಬಯಲುಸೀಮೆಯಲ್ಲಿ ನಮ್ಮ ಮಾಚಿಪತ್ರೆಯ ಜಾತಿಯ ಕಾಡುಗಿಡಗಳಿದ್ದವು, ಜರಾಜಿಖಾ ಅವುಗಳ ಬೇರು ಹೀರಿಕೊಂಡು ತನ್ನ ಪಾಡಿಗೆ ಬದುಕಿತ್ತು. ಇಷ್ಟು ದೊಡ್ಡ ಹೊಸ ಊಟ ಪಕ್ಕದಲ್ಲೇ ಬಂದರೆ ಬಿಡುತ್ತದೆಯೇ? 19ನೇ ಶತಮಾನದ ಕೊನೆಯ ಹೊತ್ತಿಗೆ ವರೋನೆಜ್, ಸರಾತೊವ್ ಕಡೆಯ ರೈತರು ತಲೆಮೇಲೆ ಕೈ ಹೊತ್ತು ಕೂತರು. ತೆನೆ ಜೊಳ್ಳು, ಬುಡದಲ್ಲಿ ಎಲೆಯಿಲ್ಲದ ಪೇಲವ ಕಡ್ಡಿಗಳು, ಅದರ ತುಂಬ ನೇರಳೆ ಹೂವು.

ಕಿತ್ತರೆ ಪ್ರಯೋಜನವಿಲ್ಲ. ಅದು ಮಣ್ಣಿನಿಂದ ಮೇಲೆ ಕಾಣುವ ಹೊತ್ತಿಗೆ ಕೆಳಗೆ ಹೀರುವಷ್ಟು ಹೀರಿ ಆಗಿರುತ್ತದೆ. ಉಳಿದ ದಾರಿ ಒಂದೇ, ಸೋಂಕು ತಗಲದ ಸೂರ್ಯಕಾಂತಿ ಹುಡುಕುವುದು. ಸರಾತೊವ್‌ನಲ್ಲಿ ಪ್ಲಾಚೆಕ್ ಎಂಬ ಮಹಿಳೆ ಆ ಕೆಲಸ ಹಿಡಿದರು. ದಕ್ಷಿಣದಲ್ಲಿ, ಈಗಿನ ಕ್ರಾಸ್ನದಾರ್ ಬಳಿಯ ಕ್ರುಗ್ಲಿಕ್ ಎಂಬಲ್ಲಿ, 1912ರಲ್ಲಿ ವಸೀಲಿ ಪುಸ್ತೊವೊಯ್ತ್ ಶುರು ಮಾಡಿದರು. ಈ ಮನುಷ್ಯನ ಪದ್ಧತಿ ನನಗೆ ಬಹಳ ಹಿಡಿಸಿತು. ಸಾವಿರಾರು ತೆನೆ ಆರಿಸಿ, ಪ್ರತಿಯೊಂದರ ಬೀಜದಲ್ಲಿ ಒಂದು ಪಾಲು ಎತ್ತಿಟ್ಟು ಉಳಿದದ್ದನ್ನು ಬಿತ್ತುವುದು. ಜರಾಜಿಖಾ ತುಂಬಿದ ಮಣ್ಣಿನಲ್ಲೂ ಬೆಳೆಸಿ ನೋಡುವುದು. ಯಾವುದು ಗೆದ್ದಿತೋ ಅದರ ಎತ್ತಿಟ್ಟ ಪಾಲನ್ನು ಮುಂದಕ್ಕೆ ಒಯ್ಯುವುದು. ಬ್ಯಾಕಪ್ ಇಟ್ಟುಕೊಂಡು ಟೆಸ್ಟ್ ಮಾಡುವುದು ಅಂದರೆ ಇದೇ ಅಲ್ಲವೇ? ಜರಾಜಿಖಾವನ್ನು ತಡೆದದ್ದಲ್ಲದೆ ಬೀಜದ ಎಣ್ಣೆ ಅಂಶವನ್ನೂ ಶೇಕಡಾ 50ರ ಆಚೆಗೆ ಏರಿಸಿದರು. ಪೆರೆದೋವಿಕ್ ಎಂಬ ಅವರ ತಳಿ ಊರೂರು ಸುತ್ತಿತು. 1969ರಲ್ಲಿ ಸೋವಿಯತ್ ದೇಶದಿಂದ ಭಾರತಕ್ಕೆ ಬಂದ ತಳಿಗಳಲ್ಲಿ ಅದೂ ಒಂದು. ನಮ್ಮಲ್ಲಿ ಸೂರ್ಯಕಾಂತಿ ಎಣ್ಣೆಬೆಳೆಯಾಗಿ ಬೇರೂರಿದ್ದೇ ಆ ಬೀಜಗಳಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್‌ಎಚ್-1 ಎಂಬ ನಮ್ಮ ಮೊದಲ ಹೈಬ್ರಿಡ್ ಬಂದದ್ದು 1980ರಲ್ಲಿ.

ಆದರೆ ಅಲ್ಲಿ ಶತ್ರು ಸುಮ್ಮನಿರಲಿಲ್ಲ. 1920ರ ದಶಕದಲ್ಲೇ ದೋನ್ ನದಿಯ ಕಡೆ, ಗೆದ್ದೆವು ಅಂದುಕೊಂಡ ತಳಿಗಳ ಬುಡದಲ್ಲೇ ನೇರಳೆ ಹೂವು ಎದ್ದಿತು. ಹಳೆಯದಕ್ಕೆ 'ಎ' ಎಂದೂ ಹೊಸದಕ್ಕೆ 'ಬಿ' ಎಂದೂ ಹೆಸರಾಯಿತು. 'ಬಿ'ಗೆ ಜ್ದಾನೊವ್ ಎಂಬ ವಿಜ್ಞಾನಿ ಉತ್ತರ ಹುಡುಕಿದರು. ಆಮೇಲೆ ಮಾಲ್ಡೋವಾ, ಬಲ್ಗೇರಿಯಾ, ರೊಮೇನಿಯಾಗಳಲ್ಲಿ ಮುಂದಿನ ಅಕ್ಷರಗಳು. 1980ರಲ್ಲಿ ರೊಮೇನಿಯಾದ ವ್ರನ್‌ಚಾನು ಮತ್ತು ಸಂಗಡಿಗರು ಲೆಕ್ಕ ಬಿಡಿಸಿಟ್ಟರು. ಎ ಯಿಂದ ಇ ವರೆಗೆ ಐದು ಬಗೆ, ತಡೆಯಲು ಐದು ಜೀನು.

ಹೈಬ್ರಿಡ್‌ಗಳು ಇಲ್ಲೇ ಮುಖ್ಯವಾದದ್ದು. ಫ್ರಾನ್ಸಿನ ಲೆಕ್ಲೆರ್ 1960ರ ದಶಕದ ಕೊನೆಯಲ್ಲಿ ಪರಾಗವೇ ಇಲ್ಲದ ಹೆಣ್ಣು ಸಾಲು ಕೊಟ್ಟ ಮೇಲೆ ಸೂರ್ಯಕಾಂತಿಯ ಹೈಬ್ರಿಡ್ ಬೀಜ ಮಾಡುವುದು ಸಲೀಸಾಯಿತು. ಆ ಐದು ಜೀನುಗಳು ಪ್ರಬಲವಾದವು, ಅಂದರೆ ತಂದೆ ಅಥವಾ ತಾಯಿ ಒಂದರಲ್ಲಿ ಇದ್ದರೂ ಮಕ್ಕಳಿಗೆಲ್ಲ ರಕ್ಷಣೆ. ಬೇಗ ಕೆಲಸವಾಯಿತು. ಆದರೆ ಲಕ್ಷಾಂತರ ಎಕರೆಗೆ ಒಂದೇ ಬೀಗ! 1990ರ ದಶಕದಲ್ಲಿ ಸ್ಪೇನ್, ಟರ್ಕಿ, ರೊಮೇನಿಯಾಗಳಲ್ಲಿ 'ಎಫ್' ಬಂದು ಐದನೇ ಜೀನನ್ನೂ ಮುರಿಯಿತು. ಅದನ್ನು ತಡೆಯುವ ಕೆಲವು ಗುಣಗಳು ತಂದೆ ತಾಯಿ ಇಬ್ಬರಲ್ಲೂ ಇರಲೇಬೇಕು, ಹಾಗಾಗಿ ಕೆಲಸ ಇಮ್ಮಡಿ. ಅಷ್ಟರಲ್ಲಿ ಜಿ, ಎಚ್ ಕೂಡ ಬಂದವು.

ಇನ್ನೊಂದು ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. 1996ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ, ಏಳು ವರ್ಷ ಬಿಡದೆ ಒಂದೇ ಕಳೆನಾಶಕ ಹೊಡೆದ ಸೋಯಾ ಹೊಲದಲ್ಲಿ ಸಾಯದೆ ನಿಂತ ಕಾಡು ಸೂರ್ಯಕಾಂತಿ ಕಂಡಿತು. ಆ ಗುಣವನ್ನು ಊರ ಸೂರ್ಯಕಾಂತಿಗೆ ಕೂಡಿಸಿದರು. ಈಗ ಬೆಳೆಯ ಮೇಲೇ ಔಷಧಿ ಹೊಡೆಯಬಹುದು, ಗಿಡ ಬದುಕುತ್ತದೆ, ಅದರ ಬೇರಿನಿಂದ ಹೀರುತ್ತಿರುವ ಜರಾಜಿಖಾ ಆ ವಿಷವನ್ನೂ ಹೀರಿ ಸಾಯುತ್ತದೆ. ನನಗೆ ಇದರ ಮೇಲೆ ಅಷ್ಟು ಭರವಸೆಯಿಲ್ಲ ನೋಡಿ. ಒಂದೇ ಔಷಧಿ ಏಳು ವರ್ಷ ಹೊಡೆದದ್ದಕ್ಕೇ ಅಲ್ಲವೇ ಕಾನ್ಸಾಸ್‌ನ ಆ ಕಾಡುಗಿಡ ಹುಟ್ಟಿದ್ದು? ಜರಾಜಿಖಾಕ್ಕೆ ಅದು ಬರುವುದಿಲ್ಲವೆಂದು ಹೇಳುವವರು ಯಾರು?

2019ರಲ್ಲಿ 'ಎಫ್' ತಡೆಯುವ ಒಂದು ಜೀನನ್ನು ಪೂರ್ತಿ ಓದಿದರು. ಅದು ಬೇರಿನ ಜೀವಕೋಶದ ಕಾವಲುಗಾರ ಪ್ರೋಟೀನ್ ತಯಾರಿಸುತ್ತದೆ. ಬಂದ ಶತ್ರುವನ್ನು ಗುರುತಿಸಿ, ಸೂರ್ಯಕಾಂತಿಯ ರಸನಾಳಕ್ಕೆ ಜೋಡಣೆಯಾಗದ ಹಾಗೆ ತಡೆಯುತ್ತದೆ.

ಇದನ್ನೆಲ್ಲ ಕಳೆದ ಸಲ ಊರಿಗೆ ಹೋದಾಗ ಅಜ್ಜನಿಗೆ ಹೇಳಿದೆ. ಎರೆ ಹೊಲದಲ್ಲಿ ಎಷ್ಟೋ ವರ್ಷ ಸೂರ್ಯಪಾನ ಬಿತ್ತಿದವರು. ಹೊಗೆಸೊಪ್ಪಿನ ಬೇರಿಗೆ ಅಂಟುವ ಇದರ ದಾಯಾದಿಯೊಂದು ನಮ್ಮ ರಾಜ್ಯದಲ್ಲೂ ಇದೆ ಅಂದಾಗ ಅವರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಬೀಜ ಧೂಳಿನಷ್ಟ ಸಣ್ಣದು ಅಂದ್ಯಲ್ಲೋ ತಮ್ಮಾ, ಹಂಗಾದ್ರ ಬಿತ್ತೋ ಬೀಜದ ಚೀಲದಾಗ ಬಂದ್ರ ಗೊತ್ತಾಗ್ತದೇನು?"

"ಗೊತ್ತಾಗಂಗಿಲ್ಲ ಅಜ್ಜಾ. ಹಂಗ ಬಂದೇ ಎಷ್ಟೋ ದೇಶಕ್ಕ ಹಬ್ಬೇತಿ."

ಅಜ್ಜ ಎದ್ದು ಹೋಗಿ ಹಜಾರದ ಮೂಲೆಯಲ್ಲಿದ್ದ ಬೀಜದ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಾ ನಿಂತರು.