ಸತ್ತವರ ಲೆಕ್ಕ

1985ರ ಮಾರ್ಚ್ 15ರಂದು ತೀರಿಕೊಂಡ ಶ್ರೀಮಂತನ ಆಸ್ತಿಗೆ ತೆರಿಗೆ ಇತ್ತು. ಮರುದಿನ ತೀರಿಕೊಂಡವನ ಆಸ್ತಿಗೆ ಇರಲಿಲ್ಲ. ಹಣಕಾಸು ಸಚಿವ ವಿ.ಪಿ. ಸಿಂಗ್ ಆ ವರ್ಷದ ಬಜೆಟ್ಟಿನಲ್ಲಿ ಎಸ್ಟೇಟ್ ಡ್ಯೂಟಿಯನ್ನು ಕೈಬಿಟ್ಟರು. ವರ್ಷಕ್ಕೆ ಹುಟ್ಟುವುದು ಸುಮಾರು 20 ಕೋಟಿ ರೂಪಾಯಿ, ಅದಕ್ಕೆ ಹೋಲಿಸಿದರೆ ವಸೂಲಿಯ ಖರ್ಚು ಹೆಚ್ಚು; ಬದುಕಿದ್ದಾಗ ಸಂಪತ್ತು ತೆರಿಗೆ, ಸತ್ತ ಮೇಲೆ ಇದು, ಹೀಗೆ ಒಂದೇ ಆಸ್ತಿಗೆ ಎರಡು ಕಾನೂನು ಎಂಬುದು ಬರೀ ಕಿರುಕುಳ ಎಂದು ಅವರು ಕಾರಣ ಕೊಟ್ಟರು. ಅಂದಿನಿಂದ ಈ ರದ್ದತಿಯನ್ನು ವಾರಸುದಾರರಿಗೆ ಸಿಕ್ಕ ಬಿಡುಗಡೆಯೆಂದೇ ಹೇಳಿಕೊಂಡು ಬಂದಿದ್ದೇವೆ. ತೆರಿಗೆ ಹೋದದ್ದು ನಿಜ. ಅದರ ಜೊತೆಗೆ ಸತ್ತವರ ಸ್ವತ್ತಿನ ಪಟ್ಟಿಯೆಂಬ ಒಂದು ಕಾಗದವೂ ಹೋಯಿತು. ಹಿರಿಯರು ಲೆಕ್ಕಕ್ಕೆ ತೋರಿಸದೆ ಬಿಟ್ಟುಹೋದ ಹಣವೋ ಒಡವೆಯೋ ಕೈಗೆ ಬಂದವರಿಗೆ ಮುಂದೆ ಬೇಕಾದದ್ದು ಆ ಕಾಗದವೇ ಎನ್ನುವುದು ಇಲ್ಲಿಯ ವಾದ.

ಅಂಥ ಕಾಗದ ನಮ್ಮಲ್ಲಿ ಹಿಂದೆ ಏಕೆ ಇರಲಿಲ್ಲ ಎಂದು ತಿಳಿಯಲು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಹೋಗಬೇಕು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಅಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಗೆ ಅದೇ ಕಾನೂನಾಯಿತು. ಅದರ ಪ್ರಕಾರ ಮಗ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕುದಾರ. ಅಪ್ಪ ಸತ್ತರೆ ಅವನ ಪಾಲು ಉಳಿದವರ ಪಾಲಿನಲ್ಲಿ ಕರಗಿಹೋಗುತ್ತಿತ್ತು. ಆಸ್ತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯೇ ಅಲ್ಲಿರಲಿಲ್ಲ, ಆದ್ದರಿಂದ ಪಟ್ಟಿ ಮಾಡುವ ಪ್ರಸಂಗವೂ ಇರಲಿಲ್ಲ. ಅರಸನಿಗೆ ಆಸೆ ಇದ್ದದ್ದು ಸಂತಾನವಿಲ್ಲದೆ ಸತ್ತವನ ಸ್ವತ್ತಿನ ಮೇಲೆ. ಶಾಕುಂತಲ ನಾಟಕದ ಆರನೆಯ ಅಂಕದಲ್ಲಿ ಹಡಗೊಡೆದು ಸತ್ತ ವರ್ತಕ ಧನಮಿತ್ರನ ಐಶ್ವರ್ಯ ಬೊಕ್ಕಸಕ್ಕೆ ಸೇರಬೇಕೆಂದು ಅಮಾತ್ಯ ಬರೆದು ಕಳಿಸುತ್ತಾನೆ. ಅವನ ಹೆಂಡಂದಿರಲ್ಲಿ ಯಾರಾದರೂ ಬಸುರಿಯೇ ಎಂದು ದುಷ್ಯಂತ ವಿಚಾರಿಸಿ, ಹುಟ್ಟಲಿರುವ ಕೂಸಿಗೇ ಅದನ್ನು ಬಿಡುತ್ತಾನೆ. ಪಾಲಾಗಿ ಬೇರೆ ಇದ್ದು ಮಕ್ಕಳಿಲ್ಲದೆ ಸತ್ತವನ ಆಸ್ತಿ ಅವನ ಹೆಂಡತಿಗೆ ಎಂದು ಎತ್ತಿಹಿಡಿದ ವಿಜ್ಞಾನೇಶ್ವರ ಅರಸನನ್ನು ಸಾಲಿನ ತುದಿಗೆ ತಳ್ಳಿದ. ಇನ್ನೂ ಸ್ವಾರಸ್ಯದ ಸಂಗತಿ ಸಾಲದ್ದು. ಅಪ್ಪನ ಸಾಲವನ್ನು ಮಗ ತೀರಿಸಲೇಬೇಕೆಂದು ವಿಧಿಸುವ ಯಾಜ್ಞವಲ್ಕ್ಯನೇ ಕುಡಿತ, ಜೂಜು, ಹೆಣ್ಣಿನ ಚಟಕ್ಕೆ ಮಾಡಿದ ಸಾಲವನ್ನೂ ದಂಡ ಮತ್ತು ಶುಲ್ಕದ ಬಾಕಿಯನ್ನೂ ಅದರಿಂದ ಹೊರಗಿಡುತ್ತಾನೆ. ಇಲ್ಲಿ ಶುಲ್ಕವೆಂದರೆ ಸುಂಕವೋ ವಧುದಕ್ಷಿಣೆಯೋ ಎಂಬ ಚರ್ಚೆ ಇದೆ. ದಂಡದ ವಿಷಯದಲ್ಲಿ ಆ ಗೊಂದಲವಿಲ್ಲ: ಅರಮನೆಗೆ ಅಪ್ಪ ಉಳಿಸಿಕೊಂಡ ದಂಡದ ಬಾಕಿ ಅಪ್ಪನೊಂದಿಗೇ ಹೋಯಿತು.

ಪಟ್ಟಿಯಿಲ್ಲದ ಈ ವಾರಸಿನ ಪದ್ಧತಿಯನ್ನು ಹೊಸ ಗಣರಾಜ್ಯ ತಿರುವುಮುರುವು ಮಾಡಿತು. ಸಿ.ಡಿ. ದೇಶಮುಖ್ ಹಣಕಾಸು ಸಚಿವರಾಗಿದ್ದಾಗ ಬಂದ ಎಸ್ಟೇಟ್ ಡ್ಯೂಟಿ ಕಾಯಿದೆ 1953ರ ಅಕ್ಟೋಬರ್ 15ರಿಂದ ಜಾರಿಯಾಯಿತು. ದಾಟುವ ಗಳಿಗೆ ಇಲ್ಲದ ಕಡೆ ಅದನ್ನು ಹುಟ್ಟಿಸಬೇಕಿತ್ತಲ್ಲ! ಸಾಯುವುದಕ್ಕೆ ತುಸು ಮೊದಲು ಮನೆಯಲ್ಲಿ ಪಾಲಾಗಿತ್ತೆಂದು ಊಹಿಸಿಕೊಂಡು, ಸತ್ತವನಿಗೆ ಎಷ್ಟು ಬರುತ್ತಿತ್ತೋ ಅಷ್ಟಕ್ಕೆ ಬೆಲೆ ಕಟ್ಟಿ ಎಂದಿತು ಕಾಯಿದೆ. ಮಿತಾಕ್ಷರದ ಜೊತೆಗೆ ಮಲಯಾಳದ ಮರುಮಕ್ಕತ್ತಾಯಂ, ತುಳುನಾಡಿನ ಅಳಿಯಸಂತಾನ ಪದ್ಧತಿಗಳ ಹೆಸರೂ ಅದರಲ್ಲಿತ್ತು. ಸೋದರಮಾವನ ಮನೆತನದ ಆಸ್ತಿ ದೆಹಲಿಯ ತೆರಿಗೆ ಕಾನೂನಿನೊಳಗೆ ಬಂದದ್ದು ಹೀಗೆ. ಇಂಥ ಕೂಡುಕುಟುಂಬದ ಪಾಲಿಗೆ ಮೊದಲ 50,000 ರೂಪಾಯಿವರೆಗೆ, ಬೇರೆ ಆಸ್ತಿಗೆ ಒಂದು ಲಕ್ಷದವರೆಗೆ ವಿನಾಯಿತಿ. ಸಾವಿಗೆ ಎರಡು ವರ್ಷ ಮುಂಚಿನವರೆಗೆ ಕೊಟ್ಟ ದಾನಗಳೂ ಲೆಕ್ಕಕ್ಕೆ. ಸತ್ತ ಆರು ತಿಂಗಳೊಳಗೆ ವಾರಸುದಾರರು ಮನೆ, ಜಮೀನು, ಷೇರು, ಠೇವಣಿ, ಒಡವೆ, ಕೊಡಬೇಕಾದ ಸಾಲ ಎಲ್ಲವನ್ನೂ ಬರೆದು ಸಲ್ಲಿಸಬೇಕಿತ್ತು. ನಾನು ಕಾಗದ ಎಂದದ್ದು ಇದನ್ನೇ: ಯಾರ ಸಾವಿನಿಂದ, ಯಾವ ದಿನ, ಯಾವ ಸ್ವತ್ತು, ಎಷ್ಟು ಬೆಲೆಗೆ ಯಾರಿಗೆ ಬಂತೆಂಬ, ಸರ್ಕಾರವೇ ಪರಿಶೀಲಿಸಿದ ದಾಖಲೆ.

ಆ ಕಾನೂನೇ ಹಣ ಬಚ್ಚಿಡುವುದನ್ನು ಕಲಿಸಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. 1953ರಲ್ಲಿ ಅತಿ ಹೆಚ್ಚಿನ ದರ ಶೇ 40. ಮುಂದಿನ ದಶಕದಲ್ಲಿ 20 ಲಕ್ಷ ಮೀರಿದ ಭಾಗಕ್ಕೆ ಶೇ 85ಕ್ಕೇರಿತು. ಅತ್ತ ಆದಾಯ ತೆರಿಗೆಯ ತುತ್ತತುದಿ 1973–74ರಲ್ಲಿ ಶೇ 97.75 ಮುಟ್ಟಿತ್ತು. ಇಂಥ ದರಕ್ಕೆ ಪ್ರಾಮಾಣಿಕವಾಗಿ ಪಟ್ಟಿ ಕೊಡುವವರು ವಿರಳ. ಬೇನಾಮಿ, ಟ್ರಸ್ಟು, ತಿಜೋರಿಯ ಚಿನ್ನ ಬೆಳೆದದ್ದರಲ್ಲಿ ಅಚ್ಚರಿಯಿಲ್ಲ. ಹಾಗಾದರೆ ಕೆಟ್ಟದ್ದು ದರ. ದರವನ್ನು ಶೇ 5ಕ್ಕೋ ಸೊನ್ನೆಗೋ ಇಳಿಸಿ ಪಟ್ಟಿಯನ್ನು ಉಳಿಸಿಕೊಳ್ಳಬಹುದಿತ್ತು. 20 ಕೋಟಿಯ ವಾದ ಹುಟ್ಟುವಳಿಯನ್ನು ಮಾತ್ರ ಅಳೆಯಿತು, ದಾಖಲೆಗೆ ಬೆಲೆ ಕಟ್ಟಲಿಲ್ಲ.

ಬೆಲೆ ಆಮೇಲೆ ಗೊತ್ತಾಯಿತು. ವಾರಸಾಗಿ ಬಂದ ಸ್ವತ್ತು ಆದಾಯವಲ್ಲ, ಅದಕ್ಕೆ ಆದಾಯ ತೆರಿಗೆ ಇಲ್ಲ. ಆದ್ದರಿಂದಲೇ "ಹಿರಿಯರಿಂದ ಬಂದದ್ದು" ಎನ್ನುವುದು ಲೆಕ್ಕವಿಲ್ಲದ ಸಂಪತ್ತಿಗೆಲ್ಲ ಸುಲಭದ ಉತ್ತರವಾಯಿತು. ಅದೇ ಕಾರಣಕ್ಕೆ ಆ ಉತ್ತರವನ್ನು ನಂಬುವವರೂ ಇಲ್ಲವಾದರು. ಬಚ್ಚಿಟ್ಟ ಆದಾಯವನ್ನು ತಾವಾಗಿ ತೋರಿಸುವ 1997ರ ಸ್ವಯಂ ಘೋಷಣೆ ಯೋಜನೆಯಲ್ಲಿ ವ್ಯಕ್ತಿಗಳಿಗೆ ಶೇ 30 ತೆರಿಗೆ; 1987ರ ಏಪ್ರಿಲ್‌ಗಿಂತ ಹಳೆಯದೆಂದು ತೋರಿಸಿದ ಒಡವೆಗೆ ಆ ದಿನದ ಬೆಲೆ ಸಾಕು. ಚಿನ್ನ ಹಳೆಯದಾದಷ್ಟೂ ತೆರಿಗೆ ಕಡಿಮೆ ಎಂದಾದರೆ ಎಲ್ಲರ ಚಿನ್ನವೂ ಅಜ್ಜಿಯದೇ ಆಗುವುದು ಸಹಜ. ಮಹಾಲೇಖಪಾಲರ ಆಕ್ಷೇಪಕ್ಕೆ ಗುರಿಯಾದ ಆ ಯೋಜನೆಯಲ್ಲಿ ಸುಮಾರು 33,000 ಕೋಟಿ ರೂಪಾಯಿ ಘೋಷಣೆಯಾಯಿತು. ಅದಕ್ಕೂ ಮೊದಲು, 1994ರ ಮೇ 11ರಂದು, ನೇರ ತೆರಿಗೆ ಮಂಡಳಿ ತನ್ನ ಅಧಿಕಾರಿಗಳಿಗೆ ಕಳಿಸಿದ ಸೂಚನೆ ಇನ್ನೂ ಪ್ರಾಮಾಣಿಕವಾಗಿದೆ: ದಾಳಿಯ ವೇಳೆ ಮದುವೆಯಾದ ಹೆಣ್ಣಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಸಿಗೆ 100 ಗ್ರಾಂ ಒಡವೆಯನ್ನು ಮುಟ್ಟಬೇಡಿ, ಮನೆತನದ ಅಂತಸ್ತು, ಸಂಪ್ರದಾಯ ನೋಡಿ ಇನ್ನೂ ಬಿಡಬಹುದು. ದಾಖಲೆ ಇಲ್ಲದ ಕಡೆ ಸರ್ಕಾರ ತಕ್ಕಡಿ ಹಿಡಿಯಿತು. ನಗದಿಗೆ ಆ ಕೃಪೆಯೂ ಇಲ್ಲ. ಮೂಲ ವಿವರಿಸಲಾಗದ ಹಣದ ಮೇಲಿನ ತೆರಿಗೆ 2016ರ ನೋಟು ರದ್ದತಿಯ ಬೆನ್ನಿಗೆ ಶೇ 60ಕ್ಕೇರಿತು, ಮೇಲೆ ಸರ್ಚಾರ್ಜು. ಯಾಜ್ಞವಲ್ಕ್ಯನ ವಿನಾಯಿತಿಯೂ ಉಳಿದಿಲ್ಲ: ಸತ್ತವನ ಆದಾಯ ತೆರಿಗೆ ಬಾಕಿಗೆ ವಾರಸುದಾರ ಹೊಣೆ, ತನಗೆ ಬಂದ ಸ್ವತ್ತಿನ ಬೆಲೆಯ ಮಿತಿಯಲ್ಲಿ. ಎಷ್ಟು ಬಂತೆಂಬುದರ ಪಟ್ಟಿಯೇ ಇಲ್ಲದಿದ್ದರೆ ಆ ಮಿತಿಯನ್ನು ತೋರಿಸುವುದಾದರೂ ಹೇಗೆ?

ಸಂಪತ್ತು ತೆರಿಗೆ 2015ರ ಬಜೆಟ್‌ವರೆಗೂ ಇತ್ತಲ್ಲ, ಅದರ ರಿಟರ್ನು ಸಾಲದೆ ಎನ್ನುವವರಿದ್ದಾರೆ. ಅದು ಬದುಕಿರುವವನ ಆಸ್ತಿಯನ್ನು ಹೇಳಿತೇ ಹೊರತು ಸಾವಿನಲ್ಲಿ ಅದು ಯಾರ್‍ಯಾರಿಗೆ ಹಂಚಿಹೋಯಿತೆಂದು ಹೇಳಲಿಲ್ಲ. ಇದಕ್ಕಿಂತ ಬಲವಾದ ಆಕ್ಷೇಪ ಬೇರೆ: ವಿನಾಯಿತಿಯ ಮಿತಿಯೊಳಗಿದ್ದ ಸಾಮಾನ್ಯ ಮನೆಗಳಿಗೆ ಎಸ್ಟೇಟ್ ಡ್ಯೂಟಿ ಮುಟ್ಟಲೇ ಇಲ್ಲ, ಅವರ ಕಾಗದ ಕಳೆದುಹೋಗುವ ಮಾತೆಲ್ಲಿ? ಒಪ್ಪಬೇಕಾದ್ದೇ. ಅಂಥ ಮನೆಗಳಿಗೆ ಇದ್ದದ್ದು ಕಂದಾಯ ಇಲಾಖೆಯ ಪೌತಿ ಖಾತೆ ಒಂದೇ, ಅದೂ ಹೊಲಕ್ಕೆ ಮಾತ್ರ. 'ಪೌತಿ' ಎಂದರೆ ಸಾವು. ಪಾರಸಿ ಭಾಷೆಯ ಆಡಳಿತದ ಕಾಲದಿಂದ ಉಳಿದ ಮಾತು. ತೆರಿಗೆ ಇಲ್ಲದ ಆ ದಾಖಲೆಯನ್ನೂ ನಾವು ನೆಟ್ಟಗೆ ಇಟ್ಟುಕೊಂಡಿಲ್ಲ ಎನ್ನುವುದು ನನ್ನ ವಾದಕ್ಕೇ ತೊಡಕು: ಮಗ, ಮೊಮ್ಮಗ ಉಳುತ್ತಿರುವ ಜಮೀನಿನ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು. ಬ್ಯಾಂಕಿನ ಸಾಲಕ್ಕೋ ಬೆಳೆ ಪರಿಹಾರಕ್ಕೋ ಅರ್ಜಿ ಹಾಕಿದ ದಿನ ವಂಶವೃಕ್ಷ, ಮರಣ ಪತ್ರ ಹುಡುಕಿಕೊಂಡು ನಾಡಕಚೇರಿಗೆ ಅಲೆಯುವವರು ಅವರೇ. ಹೊಲವಾದರೆ ಇದ್ದಲ್ಲೇ ಇರುತ್ತದೆ, ತಡವಾಗಿಯಾದರೂ ಖಾತೆ ಬದಲಾಗುತ್ತದೆ. ಪೆಟ್ಟಿಗೆಯಲ್ಲಿದ್ದ ನೋಟಿನ ಕಟ್ಟಿಗೆ ಪಹಣಿ ಇಲ್ಲ.